ಹಳೇ ಟಾಟಾ 207 ಡಿಐ ಪಿಕಪ್: ಎರಡು ಮಳೆಗಾಲ ಓಡಿಸಿದ ಮೇಲೆ

ಮಂಡ್ಯ ಜಿಲ್ಲೆಯೊಳಗೆ, ಹೆಚ್ಚೆಂದರೆ ಮೈಸೂರಿನವರೆಗೆ ಲೋಡು ಹೊರುವವರಿಗೆ ಹಳೇ ಟಾಟಾ 207 ಡಿಐ ಇವತ್ತಿಗೂ ತಗೊಳ್ಳಬಹುದಾದ ಗಾಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಮದ್ದೂರಿನ ಎಳನೀರು ಮಾರುಕಟ್ಟೆಗೆ ಕಾಯಿ, ಆಲೆಮನೆಯಿಂದ ಅಚ್ಚು ಬೆಲ್ಲ, ವಾಪಸ್ ಬರುವಾಗ ಬೂಸಾ, ಗೊಬ್ಬರ, ಸಿಮೆಂಟು, ನೆಂಟರ ಮನೆ ಸಾಮಾನು, ಎಲ್ಲವನ್ನೂ ಹೊತ್ತಿದೆ. ಆದರೆ ತಂದ ದಿನವೇ ಲೋಡು ಹಾಕುವ ಸ್ಥಿತಿಯಲ್ಲಿ ಇಂಥ ಗಾಡಿ ಸಿಗುವುದಿಲ್ಲ. ರಿಪೇರಿಗೆ ಕೈ ಹಾಕುವ ಮೊದಲು ನಿಮ್ಮ ಅಂಗಳದಲ್ಲಿ ನಿಂತಿರುವುದು ನಿಜವಾಗಿ ಯಾವ ಗಾಡಿ ಅನ್ನುವುದು ಗೊತ್ತಾಗಬೇಕು. ಅದು ಗೊತ್ತಿಲ್ಲದೆ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರೆ ದುಡ್ಡು ನೀರಾಗುತ್ತದೆ.

ಹಳೇ ಗಾಡಿ ಮಾರುವವರು ‘ಮಾಡಲ್’ ಅನ್ನುವುದು ಬಹುಪಾಲು ನೋಂದಣಿಯಾದ ವರ್ಷಕ್ಕೆ. ನನಗೂ 2011ರ ಮಾಡಲ್ ಅಂದರು. ಚಾಸಿಯ ಉಕ್ಕಿನ ಮೇಲೆ ಕೊರೆದಿರುವ ನಂಬರನ್ನು ಹುಡುಕಿ, ಮಣ್ಣು, ಗ್ರೀಸು ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿ. ಅಕ್ಷರಗಳು ಎದ್ದು ಕಾಣುತ್ತವೆ. ಒಟ್ಟು 17 ಇರಬೇಕು. ಎಂಎಟಿ ಅಂತ ಶುರುವಾದರೆ ಟಾಟಾ ಮೋಟಾರ್ಸ್ ತಯಾರಿಕೆ. ಹತ್ತನೆಯ ಅಕ್ಷರ ವರ್ಷ ಹೇಳುತ್ತದೆ: ಎ ಅಂದರೆ 2010, ಬಿ ಅಂದರೆ 2011, ಸಿ ಅಂದರೆ 2012. ಹನ್ನೆರಡನೆಯದು ತಿಂಗಳು. ನನ್ನ ಗಾಡಿಯಲ್ಲಿ ಇದ್ದದ್ದು ಎ ಮತ್ತು ಕೆ, ಅಂದರೆ 2010ರ ಅಕ್ಟೋಬರ್. ಆರ್‌ಸಿಯಲ್ಲೂ (ನೋಂದಣಿ ಪತ್ರ) ತಯಾರಾದ ತಿಂಗಳು, ವರ್ಷ ಪ್ರತ್ಯೇಕವಾಗಿ ಇರುತ್ತದೆ, ಯಾರೂ ಆ ಕಾಲಂ ನೋಡುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಬೆಲೆ ಇಳಿಯಿತು. ಕೊರೆದ ಅಂಕಿಗಳ ಸುತ್ತ ಗ್ರೈಂಡಿಂಗ್ ಗುರುತೋ ವೆಲ್ಡಿಂಗ್ ಗುರುತೋ ಕಂಡರೆ ಮಾತ್ರ ಚೌಕಾಶಿಗೂ ನಿಲ್ಲಬೇಡಿ, ಬಂದ ದಾರಿ ಹಿಡಿಯಿರಿ.

ಆಮೇಲೆ ಎಂಜಿನ್. ಇದರಲ್ಲಿರುವುದು 497 ಅನ್ನುವ ಎಂಜಿನ್. 4 ಅಂದರೆ ನಾಲ್ಕು ಸಿಲಿಂಡರ್, 97 ಅಂದರೆ ಬೋರಿನ (ಸಿಲಿಂಡರಿನ ತೂತು) ಅಗಲ, ಮಿಲಿಮೀಟರಿನಲ್ಲಿ. ಪಿಸ್ಟನ್ 100 ಮಿಲಿಮೀಟರ್ ಮೇಲೆ ಕೆಳಗೆ ಹೋಗುತ್ತದೆ. ಲೆಕ್ಕ ಹಾಕಿದರೆ 2956 ಸಿಸಿ ಬರುತ್ತದೆ. 1986ರಿಂದ ನಮ್ಮ ರಸ್ತೆಗಳಲ್ಲಿರುವ 407 ಲಾರಿಯಲ್ಲೂ ಇದೇ ಕುಟುಂಬದ ಎಂಜಿನ್ ಬಂದಿದೆ. ಹಾಗಾಗಿಯೇ ಮಂಡ್ಯದಲ್ಲಾಗಲಿ ಮೈಸೂರಿನ ಬನ್ನಿಮಂಟಪದ ಕಡೆಯಾಗಲಿ ಇದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳಿಗೆ ಬರವಿಲ್ಲ. ಈ ಗಾಡಿಯ ದೊಡ್ಡ ಬಲ ನನ್ನ ಪ್ರಕಾರ ಇದೇ.

ಒಂದು ಎಚ್ಚರ ಬೇಕು. 2010ರಲ್ಲಿ ಹೊಗೆ ಮಾಲಿನ್ಯದ ಬಿಎಸ್ 3 ನಿಯಮ ದೇಶದಲ್ಲೆಲ್ಲ ಹಂತಹಂತವಾಗಿ ಜಾರಿಗೆ ಬಂತು. ಆ ವರ್ಷದ ಎರಡು ಗಾಡಿಗಳು ಹೊರಗಿನಿಂದ ಅವಳಿ ಮಕ್ಕಳಂತೆ ಕಂಡರೂ ಡೀಸೆಲ್ ಪಂಪು, ಡೀಸೆಲ್ ಚಿಮ್ಮಿಸುವ ನಾಝಲ್ ಬೇರೆ ಇರಬಹುದು. ಪಂಪಿನ ಮೈಮೇಲೆ ಒಂದು ಸಣ್ಣ ತಗಡಿನ ಫಲಕ ಇರುತ್ತದೆ. ಅದರ ನಂಬರನ್ನು ಫೋಟೊ ತೆಗೆದು ಇಟ್ಟುಕೊಳ್ಳಿ. ಬೆಂಗಳೂರಿನ ಮೈಕೊ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡರೂ ನಮ್ಮ ಕಡೆ ಇನ್ನೂ ‘ಮೈಕೊ ಪಂಪು’ ಅಂತಲೇ ಕೇಳಬೇಕು. ಆದರೆ ಹೆಸರಿಗಿಂತ ಆ ನಂಬರ್ ಮುಖ್ಯ. ಹಳೇ ಮಾಲೀಕರು ಯಾವುದೋ ಗುಜರಿ ಗಾಡಿಯ ಎಂಜಿನ್ ಕೂರಿಸಿರುವುದೂ ಉಂಟು. ಬ್ಲಾಕಿನ ಮೇಲಿನ ಎಂಜಿನ್ ನಂಬರ್ ಆರ್‌ಸಿಗೆ ತಾಳೆಯಾಗದಿದ್ದರೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪ್ರಮಾಣಪತ್ರ) ಹೊತ್ತಿಗೆ ನೀವೇ ಉತ್ತರ ಕೊಡಬೇಕಾಗುತ್ತದೆ.

ಕಾಗದದ ವಿಷಯ ಚುಟುಕಾಗಿ. ಸರ್ಕಾರದ ಎಂ ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಸಾಲ ಬಾಕಿ, ಎಫ್‌ಸಿ, ವಿಮೆ ನೋಡಿ. ಫೈನಾನ್ಸ್ ತೀರಿದ್ದರೂ ಹೈಪೊಥಿಕೇಶನ್ (ಆರ್‌ಸಿಯಲ್ಲಿ ಸಾಲ ಕೊಟ್ಟವರ ನಮೂದು) ತೆಗೆಸದೆ ಬಿಟ್ಟಿರುತ್ತಾರೆ, ಅದಕ್ಕೆ ಫಾರಂ 35. ಹೆಸರು ಬದಲಾವಣೆಗೆ 29 ಮತ್ತು 30. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಎಫ್‌ಸಿ ಬೇಕು, ಗಾಡಿಗೆ ವಯಸ್ಸಾದಂತೆ ಶುಲ್ಕವೂ ಏರುತ್ತದೆ. ಆರ್‌ಸಿಯಲ್ಲಿರುವ ಒಟ್ಟು ತೂಕ 3000 ಕಿಲೋ ಮೀರದಿದ್ದರೆ ಪರ್ಮಿಟ್ ಬೇಕಿಲ್ಲ. ಕಾರಿನ ಲೈಸೆನ್ಸ್ ಸಾಕೇ ಅಂತ ತುಂಬಾ ಜನ ಕೇಳುತ್ತಾರೆ. 7500 ಕಿಲೋವರೆಗಿನ ಸಾರಿಗೆ ವಾಹನವನ್ನು ಎಲ್‌ಎಂವಿ (ಹಗುರ ಮೋಟಾರು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಹೇಳಿದೆ.

ನೋಡಲು ಹೋಗುವುದಾದರೆ ಬೆಳಗಿನ ಜಾವವೇ ಹೋಗಿ, ನೀವು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಅಂತ ಹೇಳಿಯೇ ಹೋಗಿ. ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ತಣ್ಣಗಿನ ಎಂಜಿನ್ ಮೊದಲ ಕ್ಷಣ ಸ್ವಲ್ಪ ಬಿಳಿ ಹೊಗೆ ಬಿಡುವುದು ಸಹಜ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಏರು ಹತ್ತುವಾಗ ಕಪ್ಪು ಹೊಗೆ ಕಾರಿದರೆ ಏರ್ ಫಿಲ್ಟರ್, ನಾಝಲ್, ಪಂಪು, ಈ ಮೂರರಲ್ಲಿ ಒಂದು, ಅಷ್ಟಕ್ಕೆ ಹೆದರಬೇಕಿಲ್ಲ. ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ರಭಸವಾಗಿ ಹೊಗೆ ನುಗ್ಗಿದರೆ ರಿಂಗು, ಬೋರು ಸವೆದಿವೆ, ಎಂಜಿನ್ ಇಳಿಸುವ ಖರ್ಚನ್ನೂ ಸೇರಿಸಿ ಬೆಲೆ ಮಾತಾಡಿ. ನನ್ನದರಲ್ಲಿ ಸಣ್ಣ ಆವಿ ಮಾತ್ರ ಇತ್ತು, ಆ ಒಂದು ಕಾರಣಕ್ಕೇ ಮುಂಗಡ ಕೊಟ್ಟೆ.

ಮನೆಗೆ ತಂದ ಮೇಲೆ ಎಲ್ಲರೂ ಪೇಂಟ್ ಮಾಡಿಸು ಅಂದರು. ಮೊದಲು ಗಾಡಿ ನಿಲ್ಲಬೇಕು, ಆಮೇಲೆ ಓಡಬೇಕು, ಆಮೇಲೆ ಹೊರಬೇಕು, ಚಂದ ಕಾಣುವುದು ಕೊನೆಗೆ ಅಂತ ನಾನು ಪಟ್ಟು ಹಿಡಿದೆ. ಬ್ರೇಕ್ ಪೆಡಲ್ ಕಲ್ಲಿನಷ್ಟು ಗಟ್ಟಿ ಇತ್ತು. ಪೆಡಲ್ ಹಗುರವಾಗುವುದು ವ್ಯಾಕ್ಯೂಮಿನ ನೆರವಿನಿಂದ. ಪೆಟ್ರೋಲ್ ಎಂಜಿನ್ನಿನಂತೆ ಡೀಸೆಲ್ಲಿನಲ್ಲಿ ಗಾಳಿಯ ದಾರಿಯಿಂದ ವ್ಯಾಕ್ಯೂಮ್ ಸಿಗುವುದಿಲ್ಲ, ಅದಕ್ಕೇ ಬೇರೆ ವ್ಯಾಕ್ಯೂಮ್ ಪಂಪು ಇರುತ್ತದೆ, ನನ್ನ ಗಾಡಿಯಲ್ಲಿ ಡೈನಮೋ ಬೆನ್ನಿಗೆ. ಅದೂ ಅದರ ಹೋಸೂ ವಯಸ್ಸಾಗಿ ಸವೆದಿದ್ದವು. ಅವೆರಡನ್ನು ಬದಲಿಸಿ, ಹಿಂದಿನ ವೀಲ್ ಸಿಲಿಂಡರ್ ವಾಷರ್, ಬ್ರೇಕ್ ಆಯಿಲ್ ಹೊಸದು ಹಾಕಿಸಿದಾಗ ಪೆಡಲ್ ಕಾಲಿಗೆ ಬಂತು.

ರೇಡಿಯೇಟರ್ ಬಿಚ್ಚಿದರೆ ಒಳಗೆಲ್ಲ ಸುಣ್ಣದ ಪದರ. ಬೋರ್‌ವೆಲ್ ನೀರು ಸುರಿದು ಸುರಿದು ಆಗುವ ಗತಿ ಅದು, ನಮ್ಮ ಕಡೆಯ ಗಡಸು ನೀರಿಗೆ ಇನ್ನೂ ಬೇಗ. ತಾಮ್ರದ ಕೋರ್ ಆದ್ದರಿಂದ ರಾಡ್ ಹಾಕಿಸಿ (ಕೊಳವೆಗಳೊಳಗೆ ಸರಳು ತೂರಿಸಿ ಶುಚಿ ಮಾಡಿಸಿ), ಬೆಸುಗೆ ಮಾಡಿಸಿ, ಥರ್ಮೋಸ್ಟಾಟ್ ಹೊಸದು ಹಾಕಿದೆವು. ಹಳೆಯವರು ಥರ್ಮೋಸ್ಟಾಟ್ ಕಿತ್ತೇ ಎಸೆದಿದ್ದರು. ಅದಿಲ್ಲದಿದ್ದರೆ ಎಂಜಿನ್ ಬೇಕಾದ ಬಿಸಿಗೆ ಬರುವುದು ತಡ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೋರೂ ಬೇಗ ಸವೆಯುತ್ತದೆ. ಈಗ ಕೂಲೆಂಟ್ ಬಿಟ್ಟರೆ ಬೇರೆ ನೀರು ಅದಕ್ಕೆ ಸೋಕಿಸುವುದಿಲ್ಲ.

ಡೀಸೆಲ್ ಟ್ಯಾಂಕ್ ಇಳಿಸಿ ತೊಳೆಸುವುದನ್ನು ಯಾರೂ ಬಿಡಬೇಡಿ. ತಳದಲ್ಲಿ ತುಕ್ಕು, ನೀರು, ಕರೀ ಕೆಸರು ಇರುತ್ತದೆ. ಅದನ್ನು ಬಿಟ್ಟು ಬರೀ ಫಿಲ್ಟರ್ ಬದಲಿಸಿದರೆ ತಿಂಗಳೊಳಗೆ ಮತ್ತೆ ಕಟ್ಟುತ್ತದೆ. ನಡುದಾರಿಯಲ್ಲಿ ಈ ಗಾಡಿ ನಿಂತದ್ದು ಒಂದೇ ಸಲ, ಬಿರುಕು ಬಿಟ್ಟ ಡೀಸೆಲ್ ಪೈಪಿನಿಂದ ಗಾಳಿ ಎಳೆದುಕೊಂಡು. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ‘ಅಣ್ಣ, ಫಿಲ್ಟರ್ ಮೇಲಿನ ಬೋಲ್ಟ್ ಸ್ವಲ್ಪ ಸಡಿಲ ಮಾಡಿ, ಕೈಪಂಪು ಒತ್ತಿ. ನೊರೆ ನಿಂತು ಬರೀ ಡೀಸೆಲ್ ಬಂದ ತಕ್ಷಣ ಟೈಟ್ ಮಾಡ್ಬುಡಿ’ ಅಂದರು. ಪೈಪಿನ ಬಿರುಕಿಗೆ ಟೇಪ್ ಸುತ್ತಿ ಹಾಗೇ ಮಾಡಿದೆ, ಊರು ಸೇರಿದೆ. ಕಂಪ್ಯೂಟರ್ ಇಲ್ಲದ ಎಂಜಿನ್ನನ್ನು ಇಷ್ಟು ಪ್ರೀತಿಸಲು ನನಗೆ ಇದಕ್ಕಿಂತ ಕಾರಣ ಬೇಡ.

ಹಿಂದಿನವರು ಇದರ ಮೇಲೆ ಮಿತಿಮೀರಿ ಹೇರಿದ್ದರು ಅನ್ನುವುದನ್ನು ಭಾರ ತಡೆಯುವ ಕಮಾನು ಪಟ್ಟಿಗಳೇ (ಲೀಫ್ ಸ್ಪ್ರಿಂಗ್) ಹೇಳಿದವು. ಬಾಗು ಕಳೆದುಕೊಂಡು ನೆಟ್ಟಗಾಗಿದ್ದವು, ಒಂದರಲ್ಲಿ ಸೀಳು. ಪಟ್ಟಿ ಕೆಲಸದವರ ಹತ್ತಿರ ಸೀಳಿದ್ದನ್ನು ಬದಲಿಸಿ, ಉಳಿದವಕ್ಕೆ ಬಾಗು ಕೊಡಿಸಿ, ಸೆಂಟರ್ ಬೋಲ್ಟ್, ಯು ಬೋಲ್ಟ್, ಬುಷ್‌ಗಳನ್ನು ಹೊಸದು ಹಾಕಿಸಿದೆ. ಇನ್ನೂ ಒಂದು ಪಟ್ಟಿ ಹೆಚ್ಚಿಗೆ ಸೇರಿಸಿ ಅಂತ ಸಲಹೆ ಬಂತು, ಒಪ್ಪಲಿಲ್ಲ. ಪಟ್ಟಿ ಹೆಚ್ಚಿಸಿದರೆ ಆಕ್ಸಲ್ಲು, ಬ್ರೇಕು, ಚಾಸಿ ಬಲವಾಗುವುದಿಲ್ಲವಲ್ಲ. ಆರ್‌ಸಿಯ ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಉಳಿಯುವುದೇ ಲೋಡು. ಅದರಲ್ಲಿ ಡ್ರೈವರ್, ಕ್ಲೀನರ್ ಕೂಡ ಸೇರಿದ್ದಾರೆ. ಎಳನೀರು ಹೊರುವವರು ಇದನ್ನು ನೆನಪಿಡಬೇಕು: ರಾಶಿ ಚಿಕ್ಕದಾಗಿ ಕಾಣುತ್ತದೆ, ತೂಕ ಅಲ್ಲ.

ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಟೈ ರಾಡ್ ಎಂಡ್, ಅರ್ತ್ ವೈರ್, ಬ್ಯಾಟರಿ ಎಲ್ಲ ಬದಲಾದವು. ಬಾಡಿಯ ತಳಕ್ಕೆ ಹೊಸ ತಗಡು ಬಂತು. ಬೆಲ್ಲದ ನೀರು, ಉಪ್ಪು ಗೊಬ್ಬರ ತಗಡನ್ನು ತಿನ್ನುತ್ತವೆ, ಲೋಡು ಇಳಿಸಿದ ದಿನವೇ ತೊಳೆಯಿರಿ.

ಮೈಲೇಜು ಟ್ಯಾಂಕ್ ಫುಲ್ ಮಾಡಿ ಮತ್ತೆ ಫುಲ್ ಮಾಡಿ ಲೆಕ್ಕ ಹಾಕಿದ್ದು: ಲೋಡಿನಲ್ಲಿ ಲೀಟರಿಗೆ 11ರ ಆಸುಪಾಸು. ಹೊಸ ಪಿಕಪ್‌ಗಳ ಮುಂದೆ ಕಡಿಮೆಯೇ. ನನ್ನದರಲ್ಲಿ ಪವರ್ ಸ್ಟೀರಿಂಗ್ ಇಲ್ಲ, ಮಂಡ್ಯದ ಸಂತೆ ಬೀದಿಯಲ್ಲಿ ತಿರುಗಿಸುವಾಗ ಭುಜ ನೋಯುತ್ತದೆ. ಕ್ಯಾಬಿನ್ನಿನಲ್ಲಿ ಸದ್ದು ಹೆಚ್ಚು, ಬೇಸಿಗೆಯಲ್ಲಿ ಕಾಲ ಬಳಿ ಬಿಸಿ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 60ರ ವೇಗ ಇದಕ್ಕೆ ನೆಮ್ಮದಿ, ಎಡ ಪಥ ಬಿಡಬೇಡಿ. ದಿನಾ ಬೆಂಗಳೂರಿಗೆ ಹೋಗಿ ಬರುವ ಬಾಡಿಗೆ ಇರುವವರು ಇದನ್ನು ತಗೊಳ್ಳಬೇಡಿ, ಹೊಸ ಗಾಡಿಯ ಕಂತು ಕಟ್ಟುವುದೇ ಮೇಲು. ತೋಟ, ಆಲೆಮನೆ, ಮಾರುಕಟ್ಟೆ ಅಂತ ಓಡಾಡುವವರು, ಸ್ಪ್ಯಾನರ್ ಹಿಡಿಯಲು ಬೇಸರಪಡದವರು ಧೈರ್ಯವಾಗಿ ತಗೊಳ್ಳಿ, ಗಾಡಿಯ ಬೆಲೆಯ ಮೂರನೇ ಒಂದು ಭಾಗವನ್ನು ರಿಪೇರಿಗೆ ಮೊದಲೇ ತೆಗೆದಿಟ್ಟುಕೊಂಡು. ನನ್ನ ಗಾಡಿಯ ಮುಂದಿನ ಕೆಲಸ ಕ್ಲಚ್ ಪ್ಲೇಟು, ಏರಿನಲ್ಲಿ ಜಾರಲು ಶುರುವಾಗಿದೆ. ಎಫ್‌ಸಿಗೆ ಮೊದಲು ಅದನ್ನು ಮುಗಿಸಬೇಕು, ಪೇಂಟು ಅದರ ಜೊತೆಗೆ.