ಮೂರು ಬೇಸಿಗೆ ಕಂಡ ಗೇಮಿಂಗ್ ಪಿಸಿ: ರಾಯಚೂರಿನಿಂದ ಒಂದು ವಿಮರ್ಶೆ

2022ರ ಡಿಸೆಂಬರ್‌ನಲ್ಲಿ ಅಸೆಂಬಲ್ ಮಾಡಿಸಿದ ಪಿಸಿ ಇದು. ರೈಜನ್ 5 5600ಎಕ್ಸ್ ಪ್ರೊಸೆಸರ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ್‍ಯಾಮ್. ಕ್ಯಾಬಿನೆಟ್ ಮುಂದೆ ಪೂರ್ತಿ ಗಾಜು, ಅದರ ಹಿಂದೆ ಬಣ್ಣ ಬಣ್ಣದ ಮೂರು ಫ್ಯಾನ್, ರಾತ್ರಿ ಲೈಟ್ ಆರಿಸಿದರೆ ಮದುವೆ ಮನೆಯ ಸೀರಿಯಲ್ ಸೆಟ್ ಥರ ಕಾಣುತ್ತಿತ್ತು. ದುಡ್ಡು ಉಳಿಸೋಣ ಅಂತ ಹಳೇ ಕಂಪ್ಯೂಟರಿನ 450 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) ಅನ್ನೇ ಇದಕ್ಕೂ ಹಾಕಿಸಿದೆ. ಆ ಜಾಣತನದ ಕಥೆ ಆಮೇಲೆ.

ಚಳಿಗಾಲದಲ್ಲಿ ಒಂದೂ ತಕರಾರಿರಲಿಲ್ಲ. ಏಪ್ರಿಲ್ ಬಂತು, ಹೊರಗೆ 41 ಡಿಗ್ರಿ. ಗೇಮ್ ಶುರು ಮಾಡಿ ಇಪ್ಪತ್ತು ನಿಮಿಷಕ್ಕೆ ಎಫ್‌ಪಿಎಸ್ (ಸೆಕೆಂಡಿಗೆ ಸ್ಕ್ರೀನ್ ಮೇಲೆ ಬರುವ ಚಿತ್ರಗಳ ಲೆಕ್ಕ) ಅರ್ಧಕ್ಕೆ ಇಳಿಯುತ್ತಿತ್ತು, ಒಮ್ಮೊಮ್ಮೆ ಟಪ್ ಅಂತ ಸ್ಕ್ರೀನ್ ಕಪ್ಪಾಗಿ ಪಿಸಿ ತಾನೇ ರೀಸ್ಟಾರ್ಟ್ ಆಗುತ್ತಿತ್ತು. ಎರಡಕ್ಕೂ ಬಿಸಿಲೇ ಕಾರಣ ಅಂದುಕೊಂಡೆ. ಅಸೆಂಬಲ್ ಮಾಡಿದ ಅಂಗಡಿಯವರೂ ಹಾಗೇ ಅಂದರು, ವಿಂಡೋಸ್ ಮತ್ತೆ ಹಾಕಿಕೊಟ್ಟು 500 ರೂಪಾಯಿ ತೆಗೆದುಕೊಂಡರು. ಏನೂ ಬದಲಾಗಲಿಲ್ಲ.

ಆಮೇಲೆ ಒಳಗಿನ ಬಿಸಿ ಎಷ್ಟು ಅಂತ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ಹಾಕಿ ಲಾಗ್ ಇಟ್ಟೆ. ಪ್ರೊಸೆಸರ್ ಸೀದಾ 95 ಡಿಗ್ರಿಗೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಈ ಚಿಪ್‌ನ ಮಿತಿಯೇ 95, ಅದಕ್ಕೆ ತಾಗಿದ ಕೂಡಲೇ ತನ್ನ ವೇಗ ತಾನೇ ಕಡಿಮೆ ಮಾಡಿಕೊಳ್ಳುತ್ತದೆ. ಎಫ್‌ಪಿಎಸ್ ಯಾಕೆ ಬೀಳುತ್ತಿತ್ತು ಅಂತ ಗೊತ್ತಾಯಿತು. ಆದರೆ ರೀಸ್ಟಾರ್ಟ್ ಆದಾಗ ನೋಡಿದರೆ ಬರೀ 70 ಇತ್ತು! ಅಂದರೆ ರೋಗ ಒಂದಲ್ಲ, ಎರಡು. ಇಷ್ಟು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು, ನಗಬೇಡಿ.

ಮೊದಲು ಬಿಸಿಯ ವಿಷಯ. ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದೇ ಗೇಮ್ ಅರ್ಧ ಗಂಟೆ ಆಡಿದೆ. 11 ಡಿಗ್ರಿ ಇಳಿಯಿತು. ಬಾಗಿಲು ತೆಗೆದರೆ ಇಷ್ಟು ಇಳಿಯುತ್ತದೆ ಅಂದರೆ ಒಳಗೆ ಗಾಳಿ ಆಡುತ್ತಿಲ್ಲ ಅಂತ ಅರ್ಥ, ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ. ಊದಿನಕಡ್ಡಿ ಹಚ್ಚಿ ಹಿಂದಿನ ಫ್ಯಾನ್ ಹತ್ತಿರ ಹಿಡಿದೆ, ಹೊಗೆ ಹೊರಗೆ ಬರುವ ಬದಲು ಒಳಗೆ ಹೋಯಿತು. ಫ್ಯಾನನ್ನೇ ಉಲ್ಟಾ ಕೂರಿಸಿದ್ದರು! ಸಾಮಾನ್ಯವಾಗಿ ಗಾಳಿ ಹೋಗುವುದು ಫ್ಯಾನಿನ ಅಡ್ಡಪಟ್ಟಿ ಇರುವ ಕಡೆಗೆ, ನಿಮ್ಮದನ್ನೂ ಒಮ್ಮೆ ನೋಡಿಕೊಳ್ಳಿ. ಇನ್ನು ಮುಂದಿನ ಗಾಜಿನ ಪಕ್ಕ ಬೆರಳು ಹೋಗುವಷ್ಟೇ ಸಂದು, ಅಲ್ಲಿ ಧೂಳಿನ ಜೊತೆ ಹತ್ತಿಯ ಎಳೆ ಕೂತು ಕಂಬಳಿ ಥರ ಆಗಿತ್ತು. ನಮ್ಮ ಮನೆ ಹತ್ತಿ ಮಿಲ್ ಇರುವ ಓಣಿಯಲ್ಲಿದೆ, ಬೇರೆ ಊರಿನವರಿಗೆ ಇಷ್ಟು ಕಾಟ ಇರಲಿಕ್ಕಿಲ್ಲ.

ಗಾಜು ಬಿಚ್ಚಿ ಜಾಲರಿ ಹಾಕಿದೆ, ಫ್ಯಾನ್ ತಿರುಗಿಸಿದೆ. ಪ್ರೊಸೆಸರ್ ಜೊತೆ ಬಂದಿದ್ದ ಚಿಕ್ಕ ಕೂಲರ್ ತೆಗೆದು 2,100 ರೂಪಾಯಿಯ ಟವರ್ ಕೂಲರ್ ಕೂರಿಸಿದೆ. ನನ್ನ ಪ್ರೊಸೆಸರ್ ಕೂರುವಂಥ ಎಎಂ4 ಮದರ್‌ಬೋರ್ಡ್ ಇದ್ದವರು ಹಳೇ ಕೂಲರನ್ನು ಸುಮ್ನೆ ಮೇಲಕ್ಕೆ ಎಳೆಯಬೇಡಿ. ಪ್ರೊಸೆಸರ್ ಮತ್ತು ಕೂಲರ್ ನಡುವೆ ಬಿಸಿ ದಾಟಿಸಲು ಹಚ್ಚುವ ಪೇಸ್ಟ್ ಒಣಗಿ ಅಂಟಿಕೊಂಡಿದ್ದರೆ ಪ್ರೊಸೆಸರೂ ಜೊತೆಗೇ ಕಿತ್ತು ಬರುತ್ತದೆ, ಪಿನ್ ಬಗ್ಗಿದರೆ ಕಷ್ಟ. ಸ್ವಲ್ಪ ಹೊತ್ತು ಗೇಮ್ ಆಡಿ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ತೆಗೆದು, ಮೆಲ್ಲಗೆ ಆಚೆ ಈಚೆ ತಿರುಗಿಸಿ ತೆಗೆಯಿರಿ. ಹೊಸ ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಡಬ್ಬ ನೋಡಿ ಅವ್ವ, "ಮನುಷ್ಯಾರಿಗೆ ಹೊಸಾ ಕೂಲರ್ ಕೊಡಸೋ ಅಂದ್ರ, ಕಂಪ್ಯೂಟರಿಗೆ ತಂದಿ ಏನಪಾ?" ಅಂದಳು. ಉತ್ತರ ಇರಲಿಲ್ಲ.

ಈಗ ಅದೇ ಗೇಮ್‌ನಲ್ಲಿ, ಅದೇ ಬೇಸಿಗೆಯಲ್ಲಿ 78 ದಾಟುವುದಿಲ್ಲ. ಡಿಸೆಂಬರ್‌ನಲ್ಲಿ 66ರ ಆಸುಪಾಸು. ರೂಮಿನ ಗಾಳಿ 10 ಡಿಗ್ರಿ ಏರಿದರೆ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ, ಪ್ರೊಸೆಸರಿನ ಏರ್ ಕೂಲರ್ ಎಷ್ಟು ದೊಡ್ಡದಿದ್ದರೂ ರೂಮಿಗಿಂತ ತಣ್ಣಗೆ ಮಾಡಲಾರದು. ಎಸಿ ರೂಮಲ್ಲಿ ಕೂತವರು ಯೂಟ್ಯೂಬ್‌ನಲ್ಲಿ ತೋರಿಸುವ ಅಂಕಿ ನೋಡಿ ಗಾಬರಿಯಾಗಬೇಡಿ. ಗ್ರಾಫಿಕ್ಸ್ ಕಾರ್ಡಿನ ಪವರ್ ಲಿಮಿಟ್ (ಅದು ಎಳೆಯಬಹುದಾದ ಕರೆಂಟಿನ ಮಿತಿ) ಕೂಡ ಬೇಸಿಗೆಗೆ ಅಂತ 85 ಪರ್ಸೆಂಟ್‌ಗೆ ಇಳಿಸಿದ್ದೇನೆ, ಮೂರ್ನಾಲ್ಕು ಎಫ್‌ಪಿಎಸ್ ಹೋಗುತ್ತದೆ, ಸದ್ದು ಅದಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ.

ಇಷ್ಟೆಲ್ಲಾ ಆದಮೇಲೂ ರೀಸ್ಟಾರ್ಟ್ ನಿಲ್ಲಲಿಲ್ಲ ಅಲ್ವಾ. ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲವೂ "ಕರ್ನಲ್-ಪವರ್ 41". ಅದನ್ನು ನೋಡಿ ಎಸ್‌ಎಂಪಿಎಸ್ ಹೋಗಿದೆ ಅಂತ ತಕ್ಷಣ ತೀರ್ಮಾನಿಸಬೇಡಿ, ಸರಿಯಾಗಿ ಶಟ್‌ಡೌನ್ ಆಗದೆ ಪಿಸಿ ನಿಂತಿತು ಅಂತಷ್ಟೇ ಅದರ ಅರ್ಥ, ಕರೆಂಟ್ ಹೋದರೂ ಅದೇ ಬರುತ್ತದೆ. (ವಿದ್ಯುತ್ ಸ್ಥಾವರ ಇರುವ ಶಕ್ತಿನಗರದ ಪಕ್ಕದಲ್ಲೇ ಇದ್ದೂ ನಮಗೆ ಕರೆಂಟ್ ಹೋಗುತ್ತದೆ, ಅದು ಬೇರೆ ಗೋಳು.) ರ್‍ಯಾಮನ್ನು ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಬಿಟ್ಟೆ, ಒಂದೂ ತಪ್ಪಿಲ್ಲ. ಕೊನೆಗೆ ಕಾಕಾನ ಮಗನ ಪಿಸಿಯಿಂದ 650 ವ್ಯಾಟ್ ಎಸ್‌ಎಂಪಿಎಸ್ ಒಂದು ವಾರಕ್ಕೆ ಕಡ ತಂದು ಹಾಕಿದೆ. ವಾರವಿಡೀ ಒಮ್ಮೆಯೂ ಬೀಳಲಿಲ್ಲ. ನನ್ನದು ಏಳು ವರ್ಷ ಹಳೆಯದು, ಗ್ರಾಫಿಕ್ಸ್ ಕಾರ್ಡ್ ಒಮ್ಮೆಲೇ ಜಾಸ್ತಿ ಎಳೆದಾಗ ಕೈ ಎತ್ತುತ್ತಿತ್ತು. 4,800 ಕೊಟ್ಟು ಹೊಸದು ತಂದೆ. ಅದಾಗಿ 14 ತಿಂಗಳು, ಕರೆಂಟ್ ಹೋದಾಗ ಬಿಟ್ಟರೆ ಪಿಸಿ ತಾನಾಗಿ ಆಫ್ ಆಗಿಲ್ಲ.

ಟವರ್ ಕೂಲರ್‌ಗೆ ಐದಕ್ಕೆ ನಾಲ್ಕೂವರೆ, ಕ್ಯಾಬಿನೆಟ್‌ಗೆ ಒಂದೂವರೆ. ಜಾಲರಿಯನ್ನು 15 ದಿನಕ್ಕೊಮ್ಮೆ ಪೇಂಟ್ ಬ್ರಷ್‌ನಲ್ಲಿ ಗುಡಿಸುತ್ತೇನೆ, ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ತಡೆಯುತ್ತೇನೆ. ಬಿಚ್ಚಿದ ಗಾಜು ಮಾಳಿಗೆ ಮೇಲಿದೆ, ಬೇಕಾದವರು ಬಂದು ಒಯ್ಯಬಹುದು.