ಫೆಂಟನ್ ಟ್ಯಾಂಕಿಗೆ ಪೆರಾಕ್ಸೈಡ್ ಒಮ್ಮೆಲೇ ಸುರಿಯಬೇಡಿ

ಯಾದಗಿರಿ ಕಡೆಯ ಔಷಧ ರಾಸಾಯನಿಕ ಘಟಕವೊಂದರ ಇಟಿಪಿಯಲ್ಲಿ (ತ್ಯಾಜ್ಯನೀರು ಶುದ್ಧೀಕರಣ ಘಟಕ) ಬಿರುಬೇಸಿಗೆಯಲ್ಲಿ ಆದದ್ದಿದು. ಕಡೇಚೂರು, ಬೀದರ್, ಕಪನೂರು ಕಡೆ ಇಟಿಪಿ ನೋಡಿಕೊಳ್ಳುವವರು ದಯವಿಟ್ಟು ಓದಿ.

ಫೆಂಟನ್ ಟ್ಯಾಂಕ್ ಅಂದರೆ ಕಬ್ಬಿಣದ ವೇಗವರ್ಧಕದ ಜೊತೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ನೀರಿನ ಕೊಳೆಯನ್ನು ಸುಡುವ ಟ್ಯಾಂಕ್. ಅದರಲ್ಲಿ 10 ಘನ ಮೀಟರ್ ನೀರು, ಸಿಒಡಿ (ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 8,000 ಮಿ.ಗ್ರಾಂ. ಡೋಸಿಂಗ್ ಪಂಪ್ ಕೆಟ್ಟಿತ್ತು. ಪಾಳಿ ಮುಗಿಸುವ ಅವಸರದಲ್ಲಿ ಶೇ. 50ರ ಪೆರಾಕ್ಸೈಡನ್ನು ಕ್ಯಾನುಗಟ್ಟಲೆ ನೇರವಾಗಿ ಸುರಿದರು. ಕೆಲವೇ ನಿಮಿಷಗಳಲ್ಲಿ ಆಮ್ಲದ ಬಿಸಿ ನೊರೆ ಉಕ್ಕಿ ಏಣಿಯ ಮೇಲೆ ಹರಿಯಿತು, ಪಕ್ಕದಲ್ಲಿದ್ದ ಕಾರ್ಮಿಕನ ಮುಂಗೈ ಸುಟ್ಟಿತು.

ಲೆಕ್ಕ ಹಾಕಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು. 1 ಕೆ.ಜಿ. ಸಿಒಡಿಗೆ ಸಿದ್ಧಾಂತದ ಪ್ರಕಾರ 2.125 ಕೆ.ಜಿ. ಶುದ್ಧ ಪೆರಾಕ್ಸೈಡ್ ಬೇಕು. 80 ಕೆ.ಜಿ. ಸಿಒಡಿಗೆ 170 ಕೆ.ಜಿ., ಅಂದರೆ ಶೇ. 50ರದ್ದು 340 ಕೆ.ಜಿ. ಅಷ್ಟೂ ಒಟ್ಟಿಗೆ ಪ್ರತಿಕ್ರಿಯಿಸಿದರೆ ನೀರಿನ ಉಷ್ಣಾಂಶ ಸುಮಾರು 38 ಡಿಗ್ರಿ ಏರುತ್ತದೆ. ನಮ್ಮ ಬಿಸಿಲಿಗೆ ನೀರೇ 34 ಇರುತ್ತದೆ, ಕೂಡಿಸಿ ನೋಡಿ. ಕಾದ ನೀರಿನಲ್ಲಿ ಪೆರಾಕ್ಸೈಡ್ ಕೊಳೆಯನ್ನು ಸುಡುವ ಬದಲು ಆಮ್ಲಜನಕವಾಗಿ ಹಾರಿಹೋಗುತ್ತದೆ. ಹಣವೂ ಹೋಯಿತು, ಕೆಲಸವೂ ಆಗಲಿಲ್ಲ.

ದೊಡ್ಡ ತಪ್ಪು ನಡೆದದ್ದು ಆಮೇಲೆ. ಸಂಜೆಯ ಸ್ಯಾಂಪಲ್‌ನಲ್ಲಿ ಸಿಒಡಿ ಇಳಿದಿರಲಿಲ್ಲ ಎಂದು ಮರುದಿನ ಇನ್ನಷ್ಟು ಪೆರಾಕ್ಸೈಡ್ ಹಾಕಿದರು. ಉಳಿದ ಪೆರಾಕ್ಸೈಡೇ ಸಿಒಡಿ ಅಳೆಯುವ ಡೈಕ್ರೋಮೇಟ್ ಪರೀಕ್ಷೆಯಲ್ಲಿ ಸಿಒಡಿಯಂತೆ ಕಾಣುತ್ತದೆ: ಲೀಟರಿಗೆ 1,000 ಮಿ.ಗ್ರಾಂ ಉಳಿದರೆ 470ರಷ್ಟು ಸುಳ್ಳು ಸಿಒಡಿ. ಆ ನೀರು ಏರೇಶನ್ ಟ್ಯಾಂಕಿಗೆ, ಅಂದರೆ ಗಾಳಿ ಊದಿ ಬ್ಯಾಕ್ಟೀರಿಯಾದಿಂದ ಕೊಳೆ ತಿನ್ನಿಸುವ ಬಯಾಲಜಿಕಲ್ ಹಂತಕ್ಕೆ, ಹೋಗಿ ಬ್ಯಾಕ್ಟೀರಿಯಾ ಸತ್ತವು. ಅವನ್ನು ಮತ್ತೆ ಬೆಳೆಸಲು ವಾರಗಳೇ ಹಿಡಿದವು.

ಸರಿಯಾದ ಕ್ರಮ ಹೀಗೆ. ಮೊದಲು ಟೊಲುಯೀನ್, ಮೆಥನಾಲ್‌ನಂಥ ದ್ರಾವಕಗಳನ್ನು ಬೇರ್ಪಡಿಸಿ. ಅವುಗಳ ಆವಿಗೆ ಹೊರಬರುವ ಆಮ್ಲಜನಕ ಸೇರಿದರೆ ಬೆಂಕಿಯ ಅಪಾಯ. ಟ್ಯಾಂಕಿಗೆ ಗಾಳಿಯಾಡದ ಮುಚ್ಚಳವಂತೂ ಬೇಡವೇ ಬೇಡ. ಸಲ್ಫ್ಯೂರಿಕ್ ಆಮ್ಲದಿಂದ ಪಿಎಚ್ 3ಕ್ಕೆ ತನ್ನಿ. 4 ದಾಟಿದರೆ ಕಬ್ಬಿಣ ಕೆಸರಾಗಿ ಕೂರುತ್ತದೆ, ವೇಗವರ್ಧಕವೇ ಇಲ್ಲದಂತಾಗುತ್ತದೆ. ನಂತರ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ನೀರಿನಲ್ಲಿ ಕರಗಿಸಿ ಹಾಕಿ. ಅದರಲ್ಲಿ ಕಬ್ಬಿಣ ಶೇ. 20 ಮಾತ್ರ. ಕಬ್ಬಿಣ ಒಂದು ಪಾಲಿಗೆ ಪೆರಾಕ್ಸೈಡ್ ಹತ್ತು ಪಾಲು ಎಂದರೆ ಈ ಟ್ಯಾಂಕಿಗೆ 85 ಕೆ.ಜಿ. ಅನ್ನಭೇದಿ ಬೇಕು. ಪೆರಾಕ್ಸೈಡ್ ಕೊನೆಗೆ, ಪಂಪಿನಲ್ಲೇ, ಕನಿಷ್ಠ ಮೂರು ನಾಲ್ಕು ಗಂಟೆ ಹಿಡಿದು. 45 ಡಿಗ್ರಿ ತಲುಪಿದರೆ ನಿಲ್ಲಿಸಿ, ತಣಿದ ಮೇಲೆ ಮುಂದುವರಿಸಿ. ಪಂಪ್ ಕೆಟ್ಟಿದ್ದರೆ ಆ ದಿನ ಬ್ಯಾಚ್ ಮಾಡಲೇಬೇಡಿ.

ಪೂರ್ತಿ ಡೋಸ್ ಬೇಕೇ ಎಂಬುದನ್ನು 1 ಲೀಟರ್ ಜಾರ್ ಪರೀಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಿ. ಮುಂದೆ ಬಯಾಲಜಿಕಲ್ ಹಂತ ಇದ್ದರೆ ಕಡಿಮೆಯಲ್ಲೇ ಸಾಕಾಗುವುದುಂಟು.

ಮುಗಿದ ಮೇಲೆ ಪಿಎಚ್ 9ಕ್ಕೆ ಏರಿಸಿ ಕಲಕುತ್ತಿರಿ. ಪೆರಾಕ್ಸೈಡ್ ಸ್ಟ್ರಿಪ್ ಸೊನ್ನೆ ತೋರಿಸುವವರೆಗೆ ಸಿಒಡಿ ಪರೀಕ್ಷೆಯೂ ಬೇಡ, ನೀರನ್ನು ಮುಂದಕ್ಕೆ ಬಿಡುವುದೂ ಬೇಡ. ಕೆಸರು ತಳ ಸೇರದೆ ತೇಲುತ್ತಿದ್ದರೆ ಪೆರಾಕ್ಸೈಡ್ ಇನ್ನೂ ಉಳಿದಿದೆ ಎಂದೇ ತಿಳಿಯಿರಿ, ಮೇಲೆತ್ತುತ್ತಿರುವುದು ಆಮ್ಲಜನಕದ ಗುಳ್ಳೆಗಳು.

ಇನ್ನು ಕ್ಯಾನುಗಳು: ತಗಡಿನ ಶೆಡ್ಡಿನ ಬಿಸಿಲಲ್ಲಿಡಬೇಡಿ, ಗಾಳಿ ಬಿಡುವ ಮುಚ್ಚಳವನ್ನು ಬದಲಿಸಬೇಡಿ. ಅನ್ನಭೇದಿ ಮುಟ್ಟಿದ ಬಕೆಟ್ಟಿನಿಂದ ಉಳಿದ ಪೆರಾಕ್ಸೈಡನ್ನು ಮರಳಿ ಕ್ಯಾನಿಗೆ ಸುರಿದರೆ ಕ್ಯಾನೇ ಸಿಡಿಯಬಹುದು.