ಪುಣೆಯ ಒಂದು ಸಾಕೆಟ್ ಪ್ರೋಗ್ರಾಮಿಂಗ್ ತರಗತಿ: ಬುನಾದಿ ಗಟ್ಟಿ, ಪಠ್ಯ ಹಳೆಯದು

ಪುಣೆಯ ಶಿವಾಜಿನಗರದಲ್ಲಿ ಶನಿವಾರ, ಭಾನುವಾರಗಳಂದು ನಡೆಯುವ, ಸಿ ಭಾಷೆಯಲ್ಲಿ ನೆಟ್‌ವರ್ಕ್ ಸಾಕೆಟ್‌ಗಳನ್ನು (ಜಾಲದ ಮೂಲಕ ಪ್ರೋಗ್ರಾಮ್‌ಗಳು ಮಾತಾಡಿಕೊಳ್ಳುವ ಸಂಪರ್ಕಬಿಂದುಗಳನ್ನು) ಕಲಿಸುವ ಖಾಸಗಿ ತರಗತಿಯೊಂದನ್ನು ಇತ್ತೀಚೆಗೆ ಮುಗಿಸಿದೆ. ಬೋಧಕರು ಮರಾಠಿ, ಹಿಂದಿ ಬೆರೆಸಿ ಮಾತಾಡುತ್ತಾರೆ. ಬೆಳಗಾವಿ, ವಿಜಯಪುರ ಕಡೆಯಿಂದ ಬಂದವರಿಗೆ ಅದರಿಂದ ತೊಡಕಿಲ್ಲ, ಮೈಸೂರು ಕಡೆಯವರು ಮಾತ್ರ ಮೊದಮೊದಲು ಸ್ವಲ್ಪ ಹೆಣಗಬೇಕಾದೀತು.

ಸಾಕೆಟ್ ಫಂಕ್ಷನ್ ಕರೆದಾಗ ಕೈಗೆ ಸಿಗುವುದು ತೆರೆದ ಫೈಲಿಗೆ ಸಿಗುವಂಥದೇ ಒಂದು ಪೂರ್ಣಾಂಕ ಎಂಬುದನ್ನು ಅವರು 3 ಎಂಬ ಅಂಕಿಯನ್ನು ತೆರೆಯ ಮೇಲೆ ಮುದ್ರಿಸಿಯೇ ತೋರಿಸಿದರು. 0, 1, 2 ಆಗಲೇ ಇನ್‌ಪುಟ್, ಔಟ್‌ಪುಟ್, ಎರರ್‌ಗಳ ಪಾಲಾಗಿರುತ್ತವೆ. 1983ರ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯೊಂದಿಗೆ ಬಂದ ಕ್ರಮ, ಅಂದರೆ ಪೋರ್ಟ್ ಎಂಬ ಸಂಖ್ಯೆಗೆ ಸರ್ವರನ್ನು ಕಟ್ಟುವ ಬೈಂಡ್, ಸಂಪರ್ಕಕ್ಕೆ ಕಾಯುವ ಲಿಸನ್, ಬಂದದ್ದನ್ನು ಒಪ್ಪಿಕೊಳ್ಳುವ ಆಕ್ಸೆಪ್ಟ್‌ಗಳ ಕ್ರಮ, ಇಂದಿಗೂ ಹಾಗೆಯೇ ಇದೆ.

ತರಗತಿಯ ಅತ್ಯುತ್ತಮ ಭಾಗವೆಂದರೆ ಬೈಟ್ ಕ್ರಮದ ಪಾಠ. ಸಂಖ್ಯೆಯ ಬೈಟ್‌ಗಳನ್ನು ನೆಟ್‌ವರ್ಕ್ ಕ್ರಮಕ್ಕೆ ತರುವ ಎಚ್‌ಟಿಒಎನ್‌ಎಸ್ ಫಂಕ್ಷನ್ ಬಳಸದೆ ಪೋರ್ಟ್ 8080ಕ್ಕೆ ಬೈಂಡ್ ಮಾಡಿಸಿ, ಸರ್ವರ್ ವಾಸ್ತವವಾಗಿ 36895ರಲ್ಲಿ ಕಾಯುತ್ತಿರುವುದನ್ನು, ತೆರೆದ ಪೋರ್ಟ್‌ಗಳ ಪಟ್ಟಿ ಕೊಡುವ ನೆಟ್‌ಸ್ಟ್ಯಾಟ್‌ನಲ್ಲಿ ತೋರಿಸಿದರು. ಹೆಕ್ಸ್‌ನಲ್ಲಿ (16ರ ಎಣಿಕೆಯಲ್ಲಿ) 1ಎಫ್90 ಆಗಿರುವ ಸಂಖ್ಯೆಯ ಎರಡು ಬೈಟ್‌ಗಳು ಅದಲುಬದಲಾದರೆ 901ಎಫ್ ಆಗುತ್ತದೆ, ಅಷ್ಟೆ. ಆದರೆ ನೆಟ್‌ವರ್ಕ್ ಸಂಖ್ಯೆಯ ಹೆಚ್ಚು ಬೆಲೆಯ ಬೈಟನ್ನು ಮೊದಲು ಇಡುತ್ತದೆ, ಇಂಟೆಲ್ ಪ್ರೊಸೆಸರ್ ಕಡಿಮೆ ಬೆಲೆಯದನ್ನು ಮೊದಲು ಇಡುತ್ತದೆ ಎಂಬ ಸಂಗತಿ ಇದಕ್ಕಿಂತ ಸ್ಪಷ್ಟವಾಗಿ ಮನಸ್ಸಿಗೆ ಇಳಿಯಲಾರದು.

ಡೇಟಾ ಓದುವ ಪಾಠದ ಬಗ್ಗೆ ಹೀಗೆ ಹೇಳಲಾರೆ. ಜಾಲದಲ್ಲಿ ಡೇಟಾ ಸಾಗಿಸುವ ನಿಯಮಾವಳಿಯಾದ ಟಿಸಿಪಿ ಬೈಟ್‌ಗಳ ಪ್ರವಾಹವಾಗಿರುವುದರಿಂದ ಒಮ್ಮೆ ಕಳಿಸಿದ ಸಂದೇಶ ಎರಡು ಮೂರು ತುಂಡಾಗಿ ಬರಬಹುದು. ಪೂರ್ತಿ ಸಿಗುವವರೆಗೆ, ಇಲ್ಲವೇ ಎದುರಿನವರು ಸಂಪರ್ಕ ಮುಚ್ಚಿದ ಗುರುತಾಗಿ 0 ಬರುವವರೆಗೆ, ರಿಸೀವ್ ಕರೆಯನ್ನು ಲೂಪ್‌ನಲ್ಲಿಡಬೇಕು. ಇಲ್ಲಿ ಕೊಡುವ ಮಾದರಿ ಕೋಡ್ ಒಂದೇ ಸಲ ಓದಿ, ಕೊನೆಯಲ್ಲಿ ಸ್ಟ್ರಿಂಗ್ ಮುಗಿಯಿತೆಂದು ತಿಳಿಸುವ ಶೂನ್ಯ ಬೈಟನ್ನೂ ಸೇರಿಸದೆ, ಸ್ಟ್ರಿಂಗ್ ಎಂದು ಮುದ್ರಿಸುತ್ತದೆ. ಒಂದೇ ಯಂತ್ರದೊಳಗೆ ಚಿಕ್ಕ ಸಂದೇಶ ಕಳಿಸುವಾಗ ಇದು ಹೇಗೋ ನಡೆದುಹೋಗುವುದರಿಂದ ವಿದ್ಯಾರ್ಥಿಗೆ ದೋಷ ಕಾಣುವುದೇ ಇಲ್ಲ. ಹೆಸರಿನಿಂದ ವಿಳಾಸ ಪಡೆಯಲು ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗಾಗಿ ಇರುವ ಪಾಸಿಕ್ಸ್ ಮಾನದಂಡ 2008ರಲ್ಲಿ ಕೈಬಿಟ್ಟ ಗೆಟ್‌ಹೋಸ್ಟ್‌ಬೈನೇಮ್ ಫಂಕ್ಷನ್ನನ್ನೇ ಇನ್ನೂ ಕಲಿಸುತ್ತಾರೆ; ಹೊಸ ತಲೆಮಾರಿನ ಇಂಟರ್‌ನೆಟ್ ವಿಳಾಸ ಪದ್ಧತಿಯಾದ ಐಪಿವಿ6ರ ಹೆಸರೇ ಬರುವುದಿಲ್ಲ. ಹಲವು ಸಂಪರ್ಕಗಳನ್ನು ಒಟ್ಟಿಗೆ ಗಮನಿಸಲು ಬೇಕಾದ ಸೆಲೆಕ್ಟ್, ಪೋಲ್‌ಗಳನ್ನು ಕೊನೆಯ ತರಗತಿಯಲ್ಲಿ ಅವಸರದಿಂದ ಮುಗಿಸಿಬಿಟ್ಟರು.

ಪಾಯಿಂಟರ್, ಸ್ಟ್ರಕ್ಚರ್‌ಗಳಲ್ಲಿ ಕೈ ಪಳಗಿದ ಹೊಸಬರಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಕೆಲಸದಲ್ಲಿ ಈಗಾಗಲೇ ಸರ್ವರ್ ಕೋಡ್ ಬರೆಯುತ್ತಿರುವವರು ಮಾತ್ರ, ಶುಲ್ಕ ಕಟ್ಟುವ ಮೊದಲು, ಗೆಟ್‌ಹೋಸ್ಟ್‌ಬೈನೇಮ್ ಬದಲಿಗೆ ಈಗ ಬಳಸುವ ಗೆಟ್‌ಅಡ್ರ್‌ಇನ್ಫೊ ಪಠ್ಯದಲ್ಲಿ ಸೇರಿದೆಯೇ ಎಂದು ಕಚೇರಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.